ಹತ್ತನೆಯ ದಾರ

ಜೀವನದಲ್ಲಿ ನಾನು ಒಂದೇ ಒಂದು ಪ್ರಶ್ನೆಯನ್ನು ಮನಸ್ಸಿಟ್ಟು ಓದಿದ್ದೇನೆ. ಅದನ್ನೂ ಅರ್ಧಕ್ಕೆ ಬಿಟ್ಟಿದ್ದೇನೆ. ಗೋಕಾಕದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ ವರ್ಷಗಳಲ್ಲಿ ಡಾಕ್ಟರೇಟ್ ಪಡೆಯಬೇಕೆಂಬ ಹುಕಿ ನನಗೂ ಬಂದಿತ್ತು. ಪ್ರಬಂಧದ ಎರಡು ಅಧ್ಯಾಯ ಬರೆದೆ. ಮೂರನೆಯದನ್ನು ಶುರು ಮಾಡುವಷ್ಟರಲ್ಲಿ ನಿವೃತ್ತಿ ಬಂತು. ನನ್ನ ಬದುಕಿನಲ್ಲಿ ಹೇಳಿದ ದಿನಕ್ಕೆ ಸರಿಯಾಗಿ ಬಂದದ್ದು ಅದೊಂದೇ. ಆ ಎರಡು ಅಧ್ಯಾಯಗಳನ್ನು ಟ್ರಂಕಿನೊಳಗಿನ ಹುಳುಗಳು ನನ್ನ ಮಾರ್ಗದರ್ಶಕರಿಗಿಂತ ಹೆಚ್ಚಿನ ಶ್ರದ್ಧೆಯಿಂದ ಓದಿ ಮುಗಿಸಿವೆ.

ಪ್ರಶ್ನೆ ಕೇಳುವುದಕ್ಕೆ ಸರಳವಾಗಿದೆ. ಐದಾರು ಊರುಗಳಿವೆ ಎನ್ನಿ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ದೂರ ಎಂಬ ಪಟ್ಟಿಯೊಂದು ನಿಮ್ಮ ಕೈಯಲ್ಲಿದೆ, ಬೇರೇನೂ ಇಲ್ಲ. ಆ ಪಟ್ಟಿಯ ಒಂದು ಅಂಕಿಯೂ ಕೆಡದಂತೆ ಊರುಗಳನ್ನು ಹಾಳೆಯ ಮೇಲೆ ಚುಕ್ಕಿಗಳಾಗಿ ಇಡಬಹುದೇ? ಇಡಬಹುದು ಎಂದು ಎಲ್ಲರಿಗೂ ಅನ್ನಿಸುತ್ತದೆ. ಗೋಕಾಕವನ್ನು ನಡುವೆ ಇಡಿ. ಸುತ್ತ ಮೂರು ಊರು, ಪ್ರತಿಯೊಂದೂ ಗೋಕಾಕದಿಂದ ಒಂದು ತಾಸು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗೋಕಾಕಕ್ಕೆ ಬಂದೇ ಹೋಗಬೇಕು, ಅಂದರೆ ಎರಡು ತಾಸು. ಈಗ ಹಾಳೆಯ ಮೇಲೆ ಮೊದಲ ಎರಡು ಊರುಗಳನ್ನು ಗೋಕಾಕದ ಆಚೆ ಈಚೆ ಎದುರುಬದುರು ಇಟ್ಟಿರಿ. ಮೂರನೆಯದು ಆ ಎರಡಕ್ಕೂ ಎದುರಾಗಿರಬೇಕು. ಅಂಥ ಜಾಗ ಹಾಳೆಯ ಮೇಲಿಲ್ಲ. ಹಾಳೆ ಎಷ್ಟು ದೊಡ್ಡದಿದ್ದರೂ ಇಲ್ಲ.

ಅಳೆಯುವ ನಿಯಮ ಬದಲಿಸಬಹುದು. ಓರೆಯಾಗಿ ಹಾಯುವುದನ್ನು ನಿಷೇಧಿಸಿ, ಹೊಲದ ಬದುವಿನ ಮೇಲೆ ಮಾತ್ರ ನಡೆಯುವವನ ಹಾಗೆ ಪೂರ್ವ-ಪಶ್ಚಿಮ ಇಷ್ಟು, ಉತ್ತರ-ದಕ್ಷಿಣ ಇಷ್ಟು ಎಂದು ಕೂಡಿಸಿ ದೂರ ಹೇಳಿದರೆ ಮೂರಲ್ಲ, ನಾಲ್ಕು ಊರು ಹಿಡಿಸುತ್ತವೆ. ಐದನೆಯದು ಮತ್ತೆ ಬಾಗಿಲ ಹೊರಗೆ. ಹಾಳೆಯ ಎರಡು ಆಯಾಮ ಸಾಲದೆಂದು ಮೂರು, ನಾಲ್ಕು, ಐದು ಎಂದು ಏರುತ್ತ ಹೋಗಬಹುದು; ಸರಿಯಾದ ಅಳತೆಗೋಲು ಹಿಡಿದು ಹೋದರೆ ಕೊನೆಗೆ ಎಲ್ಲ ಊರುಗಳಿಗೂ ಜಾಗ ಸಿಗುತ್ತದೆ. ಆದರೆ ಆ ಚಿತ್ರವನ್ನು ನೋಡಲು ಬೇಕಾದ ಕಣ್ಣನ್ನು ದೇವರು ನಮಗೆ ಕೊಟ್ಟಿಲ್ಲ. ಕಡಿಮೆ ಆಯಾಮಕ್ಕೆ ಇಳಿಸುವುದಾದರೆ ಎಲ್ಲೋ ಒಂದು ಕಡೆ ಸುಳ್ಳು ಹೇಳಲೇಬೇಕು. ಆ ಸುಳ್ಳನ್ನು ಎಷ್ಟು ಸಣ್ಣದು ಮಾಡಬಹುದು ಎಂಬುದು ನನ್ನ ಪ್ರಬಂಧ. ಅದು ಯಾರ ಪಾಲಿಗೆ ಬೀಳುತ್ತದೆ ಎಂಬ ಅಧ್ಯಾಯ ಅದರಲ್ಲಿರಲಿಲ್ಲ.

ನಿವೃತ್ತರಾದ ನಾವು ಹತ್ತು ಹನ್ನೆರಡು ಜನ ವಾಚನಾಲಯವೊಂದರ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ದೇಶದ ಸಮಸ್ಯೆಗಳನ್ನೆಲ್ಲ ಬಗೆಹರಿಸಿ ಮುಗಿದ ಮೇಲೆ ಉಳಿದ ವೇಳೆಯಲ್ಲಿ ಒಂದು ಉಪಯೋಗದ ಕೆಲಸವನ್ನೂ ಮಾಡಿದೆವು: ಒಂದು ಹಳೆಯ ವ್ಯಾನು ಹೊಂದಿಸಿದೆವು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆಂದು ಗೋಕಾಕದ ಆಸ್ಪತ್ರೆಗೆ ಬರುವ ನಾಲ್ವರನ್ನು ಮನೆಯಿಂದ ತರುವುದು, ಮನೆಗೆ ಮುಟ್ಟಿಸುವುದು. ಪೂರ್ವದ ಕಡೆಗೆ ಇಬ್ಬರು: ಅರಭಾವಿಯ ಒಬ್ಬ ತೋಟದ ಮಾಲಿ, ಮೂಡಲಗಿಯ ನಿವೃತ್ತ ಶಿಕ್ಷಕಿ. ಶಿಕ್ಷಕಿಯನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಪಶ್ಚಿಮದ ಕಡೆಗೆ ಇಬ್ಬರು: ಹುಕ್ಕೇರಿಯ ಕಿರಾಣಿ ವ್ಯಾಪಾರಿ, ಮತ್ತು ಯಮಕನಮರಡಿಯ ನಿವೃತ್ತ ಬಸ್ ಕಂಡಕ್ಟರ್.

ಈ ಕಂಡಕ್ಟರ್ ನನ್ನ ಗೆಳೆಯ. ಮೂವತ್ತು ವರ್ಷ ನಾನು ಪ್ರಯಾಣಿಸಿದ ಬಸ್ಸುಗಳಲ್ಲಿ ಅರ್ಧದಷ್ಟು ಅವನವು. ಕಾಲೇಜಿನ ಮೇಷ್ಟ್ರಿಗೆ ಯಾರೂ ಕೊಡದ ಗೌರವವನ್ನು ಅವನು ಕೊಡುತ್ತಿದ್ದ. ಕಿಕ್ಕಿರಿದ ಬಸ್ಸಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಮುಂದ ಸರೀರಿ, ಗಣಿತ ಬರಾಕತ್ತೈತಿ!" ಮೂತ್ರಪಿಂಡ ಕೈಕೊಟ್ಟ ಮೇಲೆ ಅವನ ಮೈ ಇಳಿಯಿತು, ದನಿ ಇಳಿಯಲಿಲ್ಲ. ವಾರಕ್ಕೆ ಮೂರು ಸಲ ಯಂತ್ರಕ್ಕೆ ಹೋದರೆ ಬದುಕು, ತಪ್ಪಿಸಿದರೆ ಇಲ್ಲ ಎಂದು ವೈದ್ಯರು ಅವನಿಗೆ ಬಿಡಿಸಿ ಹೇಳಿದ್ದರು. ಬಸ್ಸಿನಲ್ಲಿ ಬಂದು ಹೋಗಿ ಮಾಡುತ್ತಿದ್ದವನು, ಯಂತ್ರದಿಂದ ಎದ್ದ ಮೇಲೆ ನಿಲ್ಲಲಾರದೆ ಒಮ್ಮೆ ಬಸ್ಸಿನಲ್ಲೇ ಬಿದ್ದ. ಅದಾದ ಮೇಲೆಯೇ ವ್ಯಾನಿನ ಯೋಚನೆ ಬಂದದ್ದು.

ಬೆಳಗಿನ ಪಾಳಿ ಸುಲಭವಾಗಿತ್ತು. ವ್ಯಾನು ಗೋಕಾಕದಿಂದ ಹೊರಟು ಪಶ್ಚಿಮದ ಇಬ್ಬರನ್ನು ತರುವುದು, ಆಮೇಲೆ ಪೂರ್ವದ ಇಬ್ಬರನ್ನು. ತೊಡಕು ಮಧ್ಯಾಹ್ನದ್ದು. ನಾಲ್ವರೂ ಒಟ್ಟಿಗೆ ಯಂತ್ರದಿಂದ ಏಳುತ್ತಾರೆ, ವ್ಯಾನು ಒಂದೇ. ಮೊದಲು ಯಾವ ದಿಕ್ಕು? ಸಭೆ ನನ್ನ ಕಡೆ ನೋಡಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದು ಜನಸಮೂಹಕ್ಕೆ ನನ್ನ ವಿಷಯ ಬೇಕಾಗಿತ್ತು. ನಾನು ಹೇಗೆ ಬಿಡಲಿ?

ಮನೆಗೆ ಬಂದು ಥರ್ಮಾಕೋಲಿನ ಹಲಗೆ ತೆಗೆದುಕೊಂಡೆ. ಐದು ಊರು, ಐದು ಗುಂಡುಸೂಜಿ. ಊರೂರಿನ ನಡುವೆ ವ್ಯಾನಿಗೆ ಹಿಡಿಯುವ ನಿಮಿಷಗಳನ್ನು ಚಾಲಕನಿಂದ ಬರೆಸಿಕೊಂಡು, ಒಂದು ನಿಮಿಷಕ್ಕೆ ಇಷ್ಟು ಎಂದು ದಾರ ಕತ್ತರಿಸಿದೆ. ಐದು ಊರಿಗೆ ಹತ್ತು ದಾರ. ಅಲ್ಲಿಂದ ನಾಲ್ಕು ದಿನ ಸೂಜಿ ಕಿತ್ತು ಚುಚ್ಚುವುದೇ ಕೆಲಸ. ಒಂದು ದಾರ ಬಿಗಿಯಾದರೆ ಇನ್ನೊಂದು ಜೋಲು, ಆ ಇನ್ನೊಂದನ್ನು ಸರಿಪಡಿಸಿದರೆ ಮತ್ತೊಂದು ಹರಿಯುತ್ತದೆ. ಕಡೆಗೆ ಒಂಬತ್ತು ದಾರಗಳು ಹೆಚ್ಚುಕಡಿಮೆ ಬಿಗಿಯಾಗಿ ನಿಂತವು. ಹತ್ತನೆಯದು, ಯಮಕನಮರಡಿಯಿಂದ ಗೋಕಾಕಕ್ಕೆ ಇದ್ದದ್ದು, ನಾಲ್ಕು ಬೆರಳು ಜೋಲು ಬಿದ್ದಿತ್ತು. ಗುಡ್ಡದ ಕಡೆಯ ರಸ್ತೆ ಕಿತ್ತುಹೋಗಿ ಸುತ್ತಿ ಬರಬೇಕಾಗಿದ್ದ ಆ ದೂರಕ್ಕೆ ಹಲಗೆಯ ಮೇಲೆ ಜಾಗ ಸಿಕ್ಕಿರಲಿಲ್ಲ; ಊರು ಇರಬೇಕಾದ್ದಕ್ಕಿಂತ ಗೋಕಾಕಕ್ಕೆ ಬಹಳ ಹತ್ತಿರ ಕೂತಿತ್ತು. ಹತ್ತರ ಸರಾಸರಿ ತೆಗೆದೆ. ತಪ್ಪು ತೀರ ಸಣ್ಣದಾಗಿ ಕಂಡಿತು. ಇಷ್ಟು ಒಳ್ಳೆಯ ಸರಾಸರಿ ನನ್ನ ಪ್ರಬಂಧದಲ್ಲೂ ಬಂದಿರಲಿಲ್ಲ. ಜೋಲುಬಿದ್ದ ದಾರವನ್ನು ಸೂಜಿಯ ಬುಡಕ್ಕೆ ನೀಟಾಗಿ ಸುತ್ತಿದೆ.

ಹಲಗೆಯನ್ನು ನೋಡಿದರೆ ಉತ್ತರ ತಾನಾಗಿ ಕಾಣುತ್ತಿತ್ತು. ಮೊದಲು ಅರಭಾವಿ, ಮೂಡಲಗಿ. ಹಿಂದಿರುಗಿ ಗೋಕಾಕ ದಾಟಿ ಹುಕ್ಕೇರಿ. ಕಡೆಗೆ ಯಮಕನಮರಡಿ. ಅಲ್ಲಿಂದ ಗೋಕಾಕ ಹತ್ತಿರವೇ ಇದ್ದುದರಿಂದ ವ್ಯಾನು ಖಾಲಿ ಓಡುವುದು ಕಡಿಮೆ.

ಸಭೆಯಲ್ಲಿ ಹಲಗೆಯನ್ನು ಕುರ್ಚಿಯ ಮೇಲೆ ಪ್ರತಿಷ್ಠಾಪಿಸಿ ವಿವರಿಸಿದೆ. ಅಂದು ನಾಲ್ವರು ರೋಗಿಗಳೂ ಬಂದಿದ್ದರು. ಹುಕ್ಕೇರಿಯ ವ್ಯಾಪಾರಿ ಕೈಮುಗಿದು, "ಸರ್ ಹೇಳಿದ ಮ್ಯಾಲ ಮುಗೀತ್ರಿ, ನಮಗೇನ ತಿಳೀತೈತಿ" ಎಂದರು. ಕಂಡಕ್ಟರ್ ಕನ್ನಡಕ ಏರಿಸಿಕೊಂಡು ಹಲಗೆಯ ಹತ್ತಿರ ಬಂದ.

"ಸರ, ಇದ ನಮ್ಮೂರೇನ್ರಿ?"

"ಹೌದು."

"ಯಾವಾಗ ಎದ್ದ ಬಂದ ಗೋಕಾಕದ ಮಗ್ಗಲಕ್ಕ ಕುಂತೈತ್ರಿ ಇದು? ಚಲೋ ಆತು ಬಿಡ್ರಿ. ವ್ಯಾನ್ ಯಾಕ, ಇನ್ನ ನಾ ನಡಕೋಂತ ಬರ್ತೇನಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಹು ಆಯಾಮದ ವಸ್ತುವನ್ನು ಸಮತಲಕ್ಕೆ ಇಳಿಸುವಾಗ ಅಲ್ಪ ವಿರೂಪ ಅನಿವಾರ್ಯವೆಂದು ಗಂಟಲು ಸರಿಪಡಿಸಿಕೊಂಡು ಹೇಳಿದೆ.

"ಅಲ್ರಿ ಸರ, ಚಿತ್ರಾ ಯಾಕ ಬೇಕು? ಬಸ್ಸಿನಾಗ ನಮ್ಮ ಕಡೆ ಒಂದು ಪಟ್ಟಿ ಇರತಿತ್ತು. ಹಿಂಗ ಅಡ್ಡ ಊರು, ಹಿಂಗ ಉದ್ದ ಊರು, ಎರಡೂ ಕೂಡೂ ಚೌಕದಾಗ ದೂರ. ಮೂವತ್ತು ವರ್ಷ ಅದರಾಗ ಒಂದ ತಪ್ಪ ಸಿಕ್ಕಿಲ್ಲ. ಅದನ್ನ ನೋಡಿ ಮಾಡ್ರಿ."

ಅವನು ಹೇಳುತ್ತಿದ್ದದ್ದು ಒಂದು ಪ್ರಮೇಯ. ನನ್ನ ಎರಡನೆಯ ಅಧ್ಯಾಯದ ಮೊದಲ ಪುಟದಲ್ಲೇ ಅದಿತ್ತು. ಪ್ರತಿ ಊರಿಗೂ ಎಲ್ಲ ಊರುಗಳಿಂದ ಅದಕ್ಕಿರುವ ದೂರಗಳ ಸಾಲನ್ನೇ (ತನ್ನಿಂದ ತನಗೆ ಸೊನ್ನೆ) ವಿಳಾಸವಾಗಿ ಕೊಡಿ. ಎರಡು ವಿಳಾಸಗಳನ್ನು ಅಂಕಿಗೆ ಅಂಕಿ ಹೋಲಿಸಿ, ಅತಿ ದೊಡ್ಡ ವ್ಯತ್ಯಾಸವನ್ನೇ ದೂರವೆಂದು ಕರೆಯಿರಿ. ಒಂದು ನಿಮಿಷವೂ ಕೆಡುವುದಿಲ್ಲ. ಊರಿಗೊಂದು ಆಯಾಮ ಬೇಕು, ಅಷ್ಟೇ. ಕಂಡಕ್ಟರನ ಪಟ್ಟಿಯ ಒಂದೊಂದು ಸಾಲೂ ಅಂಥದೇ ವಿಳಾಸ. ಇದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಆದರೆ ಸಭೆ ಚಿತ್ರ ನೋಡಿ ಮೆಚ್ಚಿತ್ತು, ಚಪ್ಪಾಳೆಯೂ ಆಗಿತ್ತು. ಚಪ್ಪಾಳೆ ಬಿದ್ದ ಮೇಲೆ ಪಟ್ಟಿ ತರುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. "ನಡೀಲಿ ನೋಡೋಣ" ಎಂದೆ.

"ನಡೀಲ್ರಿ" ಎಂದು ಅವನೂ ಕೂತ. "ಮೊದಲ ಹತ್ತಿ ಕಡೀಗೆ ಇಳಿಯೂದು ನಮಗೇನ ಹೊಸಾದೇನ್ರಿ. ಜನ್ಮಾನ ಅದರಾಗ ಹೋಗೈತಿ."

ಎರಡು ತಿಂಗಳು ನಡೆಯಿತು. ನಾನು ಬರೆದ ವೇಳಾಪಟ್ಟಿಯಲ್ಲಿ ಕಂಡಕ್ಟರ್ ಸಂಜೆ ಐದೂವರೆಗೆ ಮನೆ ಮುಟ್ಟುತ್ತಿದ್ದ. ಅವನು ನಿಜವಾಗಿ ಯಾವಾಗ ಮುಟ್ಟುತ್ತಾನೆಂದು ನಾನು ಕೇಳಲಿಲ್ಲ. ಬರೆದಾದ ಮೇಲೆ ಕೇಳುವ ಪದ್ಧತಿ ನಮ್ಮ ವೃತ್ತಿಯಲ್ಲಿಲ್ಲ. ಒಂದು ದಿನ ವ್ಯಾನಿನ ಚಾಲಕ ತರಕಾರಿ ಪೇಟೆಯಲ್ಲಿ ಸಿಕ್ಕು, "ಸರ, ಯಮಕನಮರಡಿ ಕಾಕಾ ಒಂದ ದಿನ ಬರ್ತಾರ, ಒಂದ ದಿನ ಬರಂಗಿಲ್ರಿ" ಎಂದ. "ಹೋದ್ರ ಬಾಗಲದಾಗ ನಿಂತು ‘ಇವತ್ತ ಬ್ಯಾಡೋ, ನೀ ಹೋಗು’ ಅಂತಾರ. ಹೋದ ವಾರ ಒಂದ ಸಲ ಬಂದ್ರು, ಈ ವಾರನೂ ಒಂದ."

ಮೂರರ ಜಾಗದಲ್ಲಿ ಒಂದು. ಕೈಯಲ್ಲಿ ಹಿಡಿದಿದ್ದ ಮೆಂತೆ ಸೂಡಿನ ಬೆಲೆ ಕೇಳುತ್ತಿದ್ದವನು ಕೇಳುವುದನ್ನು ಮರೆತು ನಿಂತೆ.

ಮುಂದಿನ ಸಲ ಅವನು ಬಂದ ದಿನ ನಾನೂ ವ್ಯಾನು ಹತ್ತಿದೆ. ನಾಲ್ವರೂ ಯಂತ್ರದಿಂದ ಎದ್ದು ಬಂದಿದ್ದರು. ಬೆಳಿಗ್ಗೆ ಮಾತಾಡಿಕೊಂಡು ಬಂದ ಜನರೇ ಇವರು ಎಂದು ನಂಬುವಂತಿರಲಿಲ್ಲ. ಮುಖಗಳು ಒಗೆದು ಹಿಂಡಿದ ಹಾಗಿದ್ದವು. ಕಂಡಕ್ಟರ್ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದ್ದ. ಅರಭಾವಿ ಮುಟ್ಟುವ ಮೊದಲೇ ಎರಡು ಸಲ ನಿಲ್ಲಿಸಬೇಕಾಯಿತು, ಒಮ್ಮೆ ಮಾಲಿಯ ವಾಂತಿಗೆ, ಒಮ್ಮೆ ಅಕ್ಕೋರ ಕಾಲಿನ ಸೆಳೆತಕ್ಕೆ. ಗಾಡಿ ಕುಲುಕಿದರೆ ಯಾರಾದರೂ ನರಳುತ್ತಿದ್ದರು, ಆದ್ದರಿಂದ ಚಾಲಕ ಎತ್ತಿನ ಬಂಡಿಯ ನಡಿಗೆಯಲ್ಲಿ ಹೊಡೆಯುತ್ತಿದ್ದ. ಮೂಡಲಗಿಯಲ್ಲಿ ಅಕ್ಕೋರನ್ನು ಇಳಿಸಿ ತಿರುಗಿದಾಗಲೇ ನನ್ನ ವೇಳಾಪಟ್ಟಿಯ ಪ್ರಕಾರ ನಾವು ಹುಕ್ಕೇರಿಯ ಹತ್ತಿರ ಇರಬೇಕಾಗಿತ್ತು.

ಲೋಳಸೂರ ಸೇತುವೆಯ ಮೇಲೆ ಬಂದಾಗ ಕಂಡಕ್ಟರ್ ಕಣ್ಣು ಮುಚ್ಚಿಕೊಂಡೇ ಕೇಳಿದ, "ಹೊಳಿ ಬಂತೇನ್ರಿ?"

"ಬಂತು. ಹೇಗೆ ಗೊತ್ತಾಯಿತು?"

"ಗಾಲಿ ಸಪ್ಪಳ ಬದ್ಲಾತು." ಆಮೇಲೆ ಕಣ್ಣು ತೆರೆದು, "ಸರ, ನಿಮ್ಮ ಹಲಗ್ಯಾಗ ಒಂದ ದಾರ ಹಾಕಿದ್ರಿ, ಹೋಗಾಕೂ ಅದ, ಬರಾಕೂ ಅದ. ಹೌದಿಲ್ಲೋ?"

"ಹೌದು."

"ಮುಂಜಾನಿ ಹೋಗೂ ಗೋಕಾಕ ಬ್ಯಾರೆ, ಯಂತ್ರದಿಂದ ಎದ್ದ ಬರೂ ಗೋಕಾಕ ಬ್ಯಾರೆ ಐತ್ರಿ. ಅಲ್ಲಿಂದ ಮನಿ ಭಾಳ ದೂರ."

ದೂರವೆಂದರೇನು ಎಂದು ತರಗತಿಯ ಮೊದಲ ದಿನ ನಾನು ಕರಿಹಲಗೆಯ ಮೇಲೆ ನಿಯಮಗಳನ್ನು ಬರೆಯುತ್ತಿದ್ದೆ. ಇಲ್ಲಿಂದ ಅಲ್ಲಿಗೆ ಎಷ್ಟೋ ಅಲ್ಲಿಂದ ಇಲ್ಲಿಗೂ ಅಷ್ಟೇ ಎಂಬುದು ಅವುಗಳಲ್ಲಿ ಒಂದು. ಅದನ್ನು ಯಾವ ಹುಡುಗನೂ ಎಂದೂ ಪ್ರಶ್ನಿಸಿದ್ದಿಲ್ಲ. ಹಲಗೆ, ದಾರ, ಸರಾಸರಿ ಇವೆಲ್ಲ ಆಮೇಲಿನ ಮಾತು. ನಾನು ಎಡವಿದ್ದು ಮೊದಲ ಸಾಲಿನಲ್ಲಿ.

"ನೀನು ಬಾರದೆ ಮನೆಯಲ್ಲಿ ಉಳಿಯುತ್ತೀಯಂತೆ" ಎಂದೆ.

"ಒಂದ ದಿನ ಬಂದ್ರ ಎರಡ ದಿನ ಬೀಳ್ತೇನ್ರಿ. ಯಂತ್ರದಿಂದ ಅಲ್ಲ, ಈ ಗಾಡಿಯಿಂದ. ನಾಕ್ ತಾಸ ಯಂತ್ರ, ಐದ ತಾಸ ಗಾಡಿ. ಜೀವಾ ಉಳಸಾಕ ಹೋಗಿ ಅದನ್ನ ದಾರ್ಯಾಗ ಚೆಲ್ಲಿ ಬರ್ತೇನಿ."

"ಮೊದಲೇ ಯಾಕೆ ಹೇಳಲಿಲ್ಲ?"

"ನಿಮಗ ಚಪ್ಪಾಳಿ ಹೊಡದಿದ್ರಲ್ರಿ." ನಕ್ಕ; ನಗುವುದಕ್ಕೂ ಅವನಿಗೆ ಉಸಿರು ಸಾಲದಾಯಿತು. "ನೋಡ್ರಿ, ನಮ್ಮ ಡಿಪೋದಾಗೂ ಕೆಟ್ಟ ರೂಟ್ ಇರತಿದ್ವು. ರಸ್ತೆ ಇಲ್ಲ, ಚಾ ಇಲ್ಲ, ರಾತ್ರಿ ಮುಕ್ಕಾಂ. ಅದನ್ನ ಒಬ್ಬನ ಕೊಳ್ಳಿಗೆ ಕಟ್ಟತಿರಲಿಲ್ಲ. ಒಂದ ವಾರ ನೀ, ಒಂದ ವಾರ ನಾ. ಅದಕ್ಕೇನ ಗಣಿತ ಬೇಕಾಗಿರಲಿಲ್ರಿ, ಒಂದ ಕಾಗದ ಗ್ವಾಡಿಗೆ ಅಂಟಸ್ತಿದ್ರು."

ಯಮಕನಮರಡಿ ಮುಟ್ಟಿದಾಗ ಏಳೂವರೆ. ಹೆದ್ದಾರಿಯ ಅಂಗಡಿಗಳೆಲ್ಲ ದೀಪ ಹಚ್ಚಿದ್ದವು. ಅವನನ್ನು ಒಂದು ಕಡೆ ಚಾಲಕ, ಒಂದು ಕಡೆ ನಾನು ಹಿಡಿದು ಇಳಿಸಿದೆವು. ಕೈ ತಣ್ಣಗಿತ್ತು.

ಇಷ್ಟು ಕೇಳಿದ ಮೇಲೆ ಬುದ್ಧಿ ಇದ್ದವನು ಮರುದಿನವೇ ಕಾಗದವೊಂದನ್ನು ಗೋಡೆಗೆ ಅಂಟಿಸುತ್ತಿದ್ದ: ಈ ವಾರ ಪಶ್ಚಿಮ ಮೊದಲು, ಮುಂದಿನ ವಾರ ಪೂರ್ವ ಮೊದಲು. ನಾನು ಹಾಗೆ ಮಾಡಲಿಲ್ಲ. ನಾನು ಮನೆಗೆ ಹೋಗಿ ಹೊಸ ದಾರ ಕತ್ತರಿಸಿದೆ. ಹೋಗುವ ದೂರ, ಬರುವ ದೂರ ಎರಡನ್ನೂ ಸೇರಿಸಿ, ಅನ್ಯಾಯವು ಯಾರ ಪಾಲಿಗೂ ಒಂದು ಮಿತಿ ದಾಟದಂಥ ಒಂದು ಕ್ರಮ ಇದ್ದೇ ಇರಬೇಕೆಂದು ಹುಡುಕಲು ಕೂತೆ. ಹಳೆಯ ಪುಸ್ತಕಗಳನ್ನು ಇಳಿಸಿ ಧೂಳು ಕೊಡವಿದೆ. ನಿಜ ಹೇಳಬೇಕೆಂದರೆ ಬಹಳ ವರ್ಷಗಳ ಮೇಲೆ ಆ ದಿನಗಳಲ್ಲಿ ನನಗೆ ಖುಷಿಯಾಗಿತ್ತು. ಮೂರನೆಯ ಅಧ್ಯಾಯ ಕಣ್ಣಿಗೆ ಕಾಣಿಸುತ್ತಿತ್ತು. ಹದಿನೆಂಟು ದಿನ ಹೀಗೆ ಹೋದವು. ಆ ಹದಿನೆಂಟು ದಿನಗಳಲ್ಲಿ ಕಂಡಕ್ಟರ್ ಮೂರು ಸಲ ಆಸ್ಪತ್ರೆಗೆ ಬಂದ. ಎಂಟು ಸಲ ಬರಬೇಕಾಗಿತ್ತು.

ಹತ್ತೊಂಬತ್ತನೆಯ ದಿನ ಕಾಗದ ಅಂಟಿಸಿದೆ. ಅವನು ಹೇಳಿದ್ದಕ್ಕಿಂತ ಮೇಲಾದದ್ದೇನೂ ನನಗೆ ಸಿಕ್ಕಿರಲಿಲ್ಲ. ತಪ್ಪನ್ನು ತೆಗೆದುಹಾಕಲು ಬಾರದು, ಅದನ್ನು ಪಾಳಿಯ ಮೇಲೆ ಹೊರಬಹುದು ಎಂಬಷ್ಟೇ ನನ್ನ ಸಂಶೋಧನೆಯ ಸಾರ. ಮೊದಲ ವಾರ ಪಶ್ಚಿಮ ಮೊದಲು. ಕಂಡಕ್ಟರ್ ಹಗಲು ಬೆಳಕಿನಲ್ಲಿ ಮನೆ ಮುಟ್ಟಿದ. ಮರುದಿನ ಫೋನು ಮಾಡಿ, "ಸರ, ನಮ್ಮ ಮನಿಗೆ ಬಿಸಲ ಬೀಳೂದು ನೋಡಿದೆ" ಎಂದ. ಅಂಥ ಪ್ರಯಾಣ ಅವನಿಗೆ ಸಿಕ್ಕದ್ದು ಎರಡು. ಮೂರನೆಯದರ ದಿನ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಪುಪ್ಪುಸದಲ್ಲಿ ನೀರು ತುಂಬಿತ್ತು, ಜ್ವರವೂ ಇತ್ತು. ಆರನೆಯ ದಿನ ತೀರಿಕೊಂಡ.

ನಾನು ವೈದ್ಯರನ್ನು ಹೋಗಿ ಕಂಡೆ. ತಪ್ಪಿಸಿದ ದಿನಗಳಿಂದ ಎಷ್ಟು, ಜ್ವರದಿಂದ ಎಷ್ಟು, ವಯಸ್ಸಿನಿಂದ ಎಷ್ಟು ಎಂದು ಕೇಳಿದೆ. ಚಿಕ್ಕ ಪ್ರಾಯದ ವೈದ್ಯರು. ಪೆನ್ನು ಕೆಳಗಿಟ್ಟು, "ಸರ, ಅದು ಹಂಗ ಪಾಲ ಮಾಡಾಕ ಬರಂಗಿಲ್ರಿ" ಎಂದರು. ಹೊರಗೆ ಬೆಂಚಿನ ಮೇಲೆ ಮುಂದಿನವರು ಕಾಯುತ್ತಿದ್ದರು. ಎದ್ದು ಬಂದೆ.

ವಾರ ಕಳೆದು ಯಮಕನಮರಡಿಗೆ ಹೋದೆ. ಬಸ್ಸಿನಲ್ಲಿಯೇ ಹೋದೆ. ಅವನ ಹೆಂಡತಿ ಒಳಗೆ ಕರೆದು ಕೂಡಿಸಿ ಚಹಾ ಕೊಟ್ಟರು. ಮಾತು ಎತ್ತುವ ಮೊದಲೇ ಅವರೇ ಶುರು ಮಾಡಿದರು, ದನಿಯಲ್ಲಿ ಸಿಟ್ಟಿತ್ತು.

"ನಿಮ್ಮ ಗಾಡಿ ಡ್ರೈವರ್ ಸರಿ ಇಲ್ರಿ ಸರ. ಮನಸ್ಸಿಗೆ ಬಂದಾಗ ಬರ್ತಿದ್ದ, ಇಲ್ಲಾಂದ್ರ ಇಲ್ಲ. ನಾ ಮಗಳ ಮನೀಗೆ ಕೂಸಿನ್ನ ನೋಡಾಕ ಹೋಗಿರತಿದ್ದೆ, ಸಂಜೀಕ ಬಂದ ಕೇಳಿದ್ರ ‘ಇವತ್ತ ಗಾಡಿ ಬರಲಿಲ್ಲ’ ಅಂತಿದ್ರು. ಎಷ್ಟ ಸಲ! ಅಂಥವನ್ನ ಯಾಕ ಇಟಗೊಂಡೀರಿ?"

ಚಾಲಕ ಒಂದು ದಿನವೂ ತಪ್ಪಿಸಿರಲಿಲ್ಲ. ಒಪ್ಪಿಕೊಂಡು ತಲೆಯಾಡಿಸಿಬಿಟ್ಟಿದ್ದರೆ ಚಹಾ ಮುಗಿಸಿ ಏಳಬಹುದಾಗಿತ್ತು. ಗೆಳೆಯ ತನ್ನ ಕೊನೆಯ ಸುಳ್ಳನ್ನು ನನಗಾಗಿಯೇ ಅಲ್ಲಿ ಇಟ್ಟು ಹೋದಂತಿತ್ತು. ಕಪ್ಪನ್ನು ಕೆಳಗಿಟ್ಟೆ.

"ಗಾಡಿ ದಿನಾ ಬಂದಿದೆ" ಎಂದೆ. "ಅವನೇ ತಿರುಗಿ ಕಳಿಸಿದ್ದಾನೆ. ಬರುವಾಗ ಎಲ್ಲರನ್ನೂ ಇಳಿಸಿ ಕೊನೆಗೆ ಅವನನ್ನು ಇಳಿಸುವ ಹಾಗೆ ನಾನು ಮಾಡಿದ್ದೆ. ಅದು ಅವನಿಗೆ ಆಗುತ್ತಿರಲಿಲ್ಲ. ನನಗೆ ಹೇಳಿದ ಮೇಲೂ ಬದಲಿಸಲು ಹದಿನೆಂಟು ದಿನ ತೆಗೆದುಕೊಂಡೆ."

ಅವರು ಕಪ್ಪನ್ನು ಎತ್ತಿ ಮೂಲೆಗೆ ಸರಿಸಿದರು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಒಂದೇ ಸಮನೆ ಹೋಗುತ್ತಿದ್ದವು.

"ನನಗ ಹೇಳಿದ್ರ ನಾ ಬಡದ ಗಾಡಿ ಹತ್ತಸ್ತಿದ್ದೆ" ಎಂದರು ಕಡೆಗೆ. "ಅದಕ್ಕ ಹೇಳಿಲ್ಲ ಅವ್ರು." ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ತಪ್ಪಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ, ಕ್ಷಮಿಸಿದೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ನಾನು ಎದ್ದು ಚಪ್ಪಲಿ ಮೆಟ್ಟುತ್ತಿರುವಾಗ ಬಾಗಿಲಿಗೆ ಬಂದು ಕೇಳಿದರು:

"ಈಗ ಕಡೀಗೆ ಯಾರ ಇಳೀತಾರ್ರಿ?"

"ಈ ವಾರ ಮೂಡಲಗಿಯ ಅಕ್ಕೋರು."

"ಆಕಿಗೊಂದ ಶಾಲ ಕೊಡಸ್ರಿ. ಬರೂದ್ರಾಗ ಇವ್ರ ಕೈಕಾಲ ಎಲ್ಲಾ ಥಂಡಿ ಆಗಿರತಿದ್ವು. ಬಿಸಲಿದ್ರೂ ಸೈತ."